ರಗ್ಬಿ ಡಾಕ್ಟರ ಟೋಪಿ ಹೊತ್ತು ಲಿವೋನಿಯಾಕ್ಕೆ

ಶಿಕಾಗೋ ವಿಮಾನ ನಿಲ್ದಾಣ

ನಾನು ಮೂವತ್ತನಾಲ್ಕು ವರ್ಷ ನೋಂದಣಿ ಕಚೇರಿಯಲ್ಲಿ ದುಡಿದು ಸಬ್ ರಿಜಿಸ್ಟ್ರಾರ್ ಆಗಿ ನಿವೃತ್ತನಾದವನು. ಊರಿನವರೆಲ್ಲ ಬಂದು ನನ್ನೆದುರು ಸುಳ್ಳು ಹೇಳುತ್ತಿದ್ದರು, ನಾನು ಅದಕ್ಕೆ ಮೊಹರು ಒತ್ತುತ್ತಿದ್ದೆ. ಹೀಗಾಗಿ ನನಗೆ ಸುಳ್ಳು ಕೇಳಿ ಅಭ್ಯಾಸವೇ ಹೊರತು ಹೇಳಿ ಅಭ್ಯಾಸವಿರಲಿಲ್ಲ. ಅದರ ಫಲ ಅಮೆರಿಕದ ಹೊಸ್ತಿಲಲ್ಲೇ ಸಿಕ್ಕಿತು.

ಕಸ್ಟಮ್ಸಿನ ದಢೂತಿ ಮನುಷ್ಯ ನನ್ನ ಸೂಟ್‌ಕೇಸಿನ ಚಟ್ನಿಪುಡಿ, ಹುಣಿಸೆ ತೊಕ್ಕು, ಬನಿಯನ್ನುಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ತಳದಲ್ಲಿದ್ದ ಬಿಳಿ ಪಂಚೆಯ ಗಂಟು ಬಿಚ್ಚಿದ. ಮೊದಲು ನುಸಿಗುಳಿಗೆಯ ವಾಸನೆ ಬಂತು, ಆಮೇಲೆ ಟೋಪಿ ಬಂತು. ಹಸಿರು ಮಖಮಲ್ಲು, ಅಂಚಿಗೆ ಬೆಳ್ಳಿ ಜರಿ, ಹಣೆಯ ಮೇಲೆ ಮೂರೆಲೆಯ ಕಸೂತಿ, ನೆತ್ತಿಯಿಂದ ಇಳಿಬಿದ್ದ ಕುಚ್ಚು.

"ಇದೇನು?" ಎಂದ.

"ಟೋಪಿ" ಎಂದೆ.

"ನಿಮ್ಮದೇ?"

"ಅಲ್ಲ."

"ಮತ್ತೆ ಯಾರದು?"

"ನಾನು ನೋಡಿಯೇ ಇಲ್ಲದ ಒಬ್ಬರದು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು."

ಪರದೇಶದ ಕಸ್ಟಮ್ಸಿನಲ್ಲಿ ನಿಂತು, ನನ್ನ ಪೆಟ್ಟಿಗೆಯಲ್ಲಿರುವ ವಸ್ತು ನನ್ನದಲ್ಲ ಎಂದು ಹೇಳುವವನಿಗಿಂತ ದೊಡ್ಡ ದಡ್ಡನಿಲ್ಲ ಎಂದು ಆಮೇಲೆ ತಿಳಿಯಿತು. ಒಂದು ಗಂಟೆ ಕೂಡಿಸಿದರು. ನಾಯಿಯೊಂದನ್ನು ಕರೆತಂದರು. ಅದು ಟೋಪಿಯನ್ನು ಮೂಸಿ, ನುಸಿಗುಳಿಗೆಗೆ ಎರಡು ಸಲ ಸೀನಿ, ನನ್ನನ್ನು ಕೆಕ್ಕರಿಸಿ ನೋಡಿ ಹೋಯಿತು. ಕೊನೆಗೊಬ್ಬ ಹಿರಿಯ ಅಧಿಕಾರಿ ಬಂದು, "ಇನ್ನು ಮೇಲೆ ಯಾರಾದರೂ ಕೇಳಿದರೆ ನಿಮ್ಮದೇ ಅಂದುಬಿಡಿ" ಎಂದು ಬುದ್ಧಿ ಹೇಳಿ ಬಿಟ್ಟರು. ನಿಜ ಹೇಳುವವರನ್ನು ಒಳಗೆ ಬಿಟ್ಟುಕೊಳ್ಳಲು ಅವರಲ್ಲಿ ಸರಿಯಾದ ಫಾರಂ ಇರಲಿಲ್ಲವೆಂದು ಕಾಣುತ್ತದೆ.

ಅದನ್ನು ನಮ್ಮದೆನ್ನಲು ಬಾಯಿ ಬರುವಂತಿದ್ದರೆ ಅರವತ್ತೇಳನೆಯ ವಯಸ್ಸಿನಲ್ಲಿ, ಮಂಡಿನೋವು ಕಟ್ಟಿಕೊಂಡು, ಇಷ್ಟು ದೂರ ಬರುವ ಕರ್ಮವಾದರೂ ಏಕಿತ್ತು? ಕಥೆ ಇಷ್ಟು. ಬಿಳಿಯರ ಕಾಲದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಡಾಕ್ಟರ್ ಮಲ್ಕೇರಿನ್ ಎಂಬ ಐರಿಶ್ ವೈದ್ಯರಿದ್ದರು. ಹರೆಯದಲ್ಲಿ ತಮ್ಮ ದೇಶದ ತಂಡಕ್ಕೆ ರಗ್ಬಿ ಆಡಿದವರು. ನಮ್ಮಲ್ಲಾದರೆ ದೇಶಕ್ಕೆ ಆಡಿದವರಿಗೆ ನಿವೇಶನ ಕೊಡುತ್ತಾರೆ, ಇಲ್ಲವೇ ಕೊಡುತ್ತೇವೆಂದು ಹೇಳಿ ಅಲೆಸುತ್ತಾರೆ. ಅವರಲ್ಲಿ ಒಂದು ಟೋಪಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಗಣಿಯವರೆಲ್ಲ ಅವರನ್ನು ರಗ್ಬಿ ಡಾಕ್ಟರು ಎನ್ನುತ್ತಿದ್ದರು. ನನ್ನ ತಾತ ಮುನಿಸ್ವಾಮಪ್ಪ ಅವರ ಬಂಗಲೆಯಲ್ಲಿ ಅಡುಗೆಯವರು.

ಒಂದು ದಿನ ಊಟದ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಟೋಪಿ ಮಾಯವಾಯಿತು. ದೊರೆಸಾನಿ ತಾತನ ಕಡೆ ಬೆಟ್ಟು ಮಾಡಿದರು. ತಾತ ತನಗೇನೂ ಗೊತ್ತಿಲ್ಲವೆಂದರು. ಮನೆ ಶೋಧಿಸಿದರೂ ಏನೂ ಸಿಗಲಿಲ್ಲ. ಆದರೂ ಕೆಲಸದಿಂದ ತೆಗೆದರು. ಅಂದಿನಿಂದ ನಮ್ಮದು ಟೋಪಿ ಕದ್ದವರ ಮನೆಯಾಯಿತು. ನನ್ನ ಅಕ್ಕ ಸರಸ್ವತಿಗೆ ಗೊತ್ತಾಗಿದ್ದ ಮದುವೆ ಲಗ್ನಪತ್ರಿಕೆಯ ಹಿಂದಿನ ದಿನ ಮುರಿದುಬಿತ್ತು. ಕಳ್ಳನ ಮೊಮ್ಮಗಳು ನಮಗೆ ಬೇಡವೆಂದು ಹುಡುಗನ ಕಡೆಯವರು ಹೇಳಿ ಕಳಿಸಿದರು. ಅವಳು ಆಮೇಲೆ ಮದುವೆಯ ಮಾತೆತ್ತಲು ಯಾರಿಗೂ ಬಿಡಲಿಲ್ಲ. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿ, ಈಗ ಮೈಸೂರಿನಲ್ಲಿ ನನ್ನ ಮನೆಯಲ್ಲಿದ್ದಾಳೆ.

ತಾತ ಕದ್ದಿಲ್ಲವೆಂದು ನಾನು ಜೀವಮಾನವಿಡೀ ಊರವರ ಜೊತೆ ಜಗಳವಾಡಿದೆ. ಹೋದ ವರ್ಷ ಗಣಿಯ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಟೋಪಿ ಸಿಕ್ಕಿತು. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಬದುಕಿರುವಾಗಲೇ ಅದನ್ನು ಆ ಮನೆತನದವರಿಗೆ ಒಪ್ಪಿಸಿ, ತಾತನ ಪರವಾಗಿ ಕ್ಷಮೆ ಕೇಳಿಬಿಡಬೇಕೆಂದು ತೀರ್ಮಾನಿಸಿದೆ. "ಟೋಪಿ ನಿಮ್ಮ ಮನೇದು, ಮಾನ ನಿಮ್ಮ ಮನೇದು, ನೀವೇ ಹೋಗಿ ಬನ್ನಿ" ಎಂದಳು ಹೆಂಡತಿ. ಅಕ್ಕ ಮಾತ್ರ, "ಅದನ್ನ ಯಾಕೋ ಅಷ್ಟು ದೂರ ಹೊತ್ಕೊಂಡು ಹೋಗ್ತೀಯಾ ನಾಗು, ಸುಮ್ನೆ ಇರ್ಲಿ ಬಿಡು" ಎಂದು ಬೇರೆ ಕಡೆ ತಿರುಗಿದಳು. ಅವಳಿಗೆ ನಾಚಿಕೆಯಾಗಿದೆ ಎಂದುಕೊಂಡೆ.

ಲಿಸ್ಲ್

ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳು ಶೈಲಾ ಇದ್ದಾಳೆ. ಹೆದ್ದಾರಿಯುದ್ದಕ್ಕೂ ಗಾಜಿನ ಆಫೀಸುಗಳು, ಅವುಗಳ ಮುಂದೆ ನಮ್ಮ ದಸರಾ ಮೈದಾನದಷ್ಟು ದೊಡ್ಡ ಪಾರ್ಕಿಂಗ್ ಜಾಗ. ನಾನು ಹೋದದ್ದು ರಿಸೆಷನ್ ಕಾಲವಾದ್ದರಿಂದ ಆ ಜಾಗದಲ್ಲಿ ಬಾತುಗಳು ವಾಯುವಿಹಾರ ಮಾಡುತ್ತಿದ್ದವು. ಕಾರುಗಳ ನಡುವೆ ಜಾಗ ಹುಡುಕಬೇಕಾದ ಕಷ್ಟ ಅವಕ್ಕೂ ಇರಲಿಲ್ಲ.

"ಮಾವ, ಏನು ಬೇಕಾದ್ರೂ ಆಫೀಸಿಗೆ ಫೋನ್ ಮಾಡಿ, ಶುಕ್ರವಾರ ಮಾತ್ರ ಮಾಡ್ಬೇಡಿ" ಎಂದು ಶೈಲಾ ಬಂದ ದಿನವೇ ಹೇಳಿದಳು.

"ಯಾಕಮ್ಮ, ಶುಕ್ರವಾರ ಏನು ವ್ರತ?"

"ಶುಕ್ರವಾರಾನೇ ಮಾವ ಕೆಲಸದಿಂದ ತೆಗೆಯೋದು. ಡೆಸ್ಕ್ ಫೋನ್ ರಿಂಗ್ ಆದ್ರೆ ಎದೆ ಧಸಕ್ ಅನ್ನತ್ತೆ. ಎಚ್.ಆರ್. ಅವರು ರೂಮಿಗೆ ಕರೆದು, ಟಿಶ್ಯೂ ಬಾಕ್ಸ್ ಮುಂದೆ ತಳ್ಳಿ, ಆಮೇಲೆ ವಿಷಯ ಹೇಳ್ತಾರೆ."

ಅಳುವುದಕ್ಕೂ ಮುಂಚೆಯೇ ಕಣ್ಣೊರೆಸಿಕೊಳ್ಳುವ ವ್ಯವಸ್ಥೆ ಮಾಡಿಡುವ ನಾಗರಿಕತೆಯನ್ನು ಮೆಚ್ಚಲೇಬೇಕು. ನಮ್ಮ ಇಲಾಖೆಯಲ್ಲಿ ಸಸ್ಪೆಂಡ್ ಮಾಡಿದ ಸುದ್ದಿಯನ್ನು ಮೊದಲು ಟೀ ಅಂಗಡಿಯವನು ಹೇಳುತ್ತಿದ್ದ.

ಡಾಕ್ಟರ ವಂಶದವರನ್ನು ಹುಡುಕಿಕೊಟ್ಟವಳು ಶೈಲಾಳ ಹದಿನಾಲ್ಕರ ಮಗಳು ಅನನ್ಯಾ. ನಾನು ಒಂದು ವರ್ಷದಿಂದ ಐರ್ಲೆಂಡಿನ ಯಾವ ಯಾವುದೋ ಕಚೇರಿಗಳಿಗೆ ರಿಜಿಸ್ಟರ್ಡ್ ಪತ್ರ ಬರೆದು, ಸ್ವೀಕೃತಿ ಚೀಟಿಗಳನ್ನು ಫೈಲು ಮಾಡಿ ಇಟ್ಟುಕೊಂಡಿದ್ದೆ. ಇವಳು ನಾನು ಊರಿನಿಂದ ಹೊರಡುವ ಮುಂಚೆಯೇ ಒಂದು ಭಾನುವಾರ, ತಿಂಡಿ ತಿನ್ನುತ್ತ, ವಂಶವೃಕ್ಷದ ವೆಬ್‌ಸೈಟಿನಲ್ಲಿ ಪತ್ತೆ ಮಾಡಿದ್ದಳು. ಡಾಕ್ಟರು ಇಂಡಿಯಾ ಬಿಟ್ಟವರು ಐರ್ಲೆಂಡಿಗೆ ಹಿಂದಿರುಗದೆ ಡೆಟ್ರಾಯಿಟಿಗೆ ಬಂದು ನೆಲೆಸಿದ್ದರು. ಮೊಮ್ಮಗಳು ನೋರಾ ಈಗಲೂ ಅಲ್ಲೇ ಪಕ್ಕದ ಲಿವೋನಿಯಾದಲ್ಲಿ ಇದ್ದರು.

"ಹೇಗೆ ಹುಡುಕಿದೆ ಮಗಳೇ?" ಎಂದೆ.

"ಇಟ್ಸ್ ನಾಟ್ ಎ ಬಿಗ್ ಡೀಲ್, ತಾತಾ" ಎಂದಳು.

ನಮ್ಮಲ್ಲಿ ಮುತ್ತಾತನ ಹೆಸರು ಬೇಕಾಗುವುದು ತಿಥಿಗೆ, ಇಲ್ಲವೇ ಆಸ್ತಿ ವ್ಯಾಜ್ಯಕ್ಕೆ. ಇವರು ಸುಮ್ಮನೆ ಹೊತ್ತು ಹೋಗಲೆಂದು ಹುಡುಕುತ್ತಾರೆ. ಸಿಕ್ಕ ಮುತ್ತಾತನಿಂದ ಇವರಿಗೆ ಒಂದು ಗುಂಟೆ ಜಮೀನೂ ಬರುವುದಿಲ್ಲವೆಂದು ಕೇಳಿ ನನಗೆ ನಿಜಕ್ಕೂ ಕನಿಕರವಾಯಿತು.

ಅದೇ ಸಂಜೆ ನೋರಾ ಅವರಿಗೆ ಫೋನ್ ಮಾಡಿ, ನಿಮ್ಮ ತಾತ ಇದ್ದ ಊರಿನವನು, ಒಂದು ಸಲ ಭೇಟಿಯಾಗಬೇಕು ಎಂದಷ್ಟೇ ಹೇಳಿದೆ. ಟೋಪಿಯ ವಿಷಯ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಎಂದರು.

ಹೆದ್ದಾರಿ

ಕರೆದೊಯ್ಯಲು ಡೆಟ್ರಾಯಿಟ್ ಕಡೆಯಿಂದ ಬಸವರಾಜ ಬಂದ. ಶೈಲಾಳ ಗಂಡನ ಕಾಲೇಜು ಗೆಳೆಯ, ಹುಬ್ಬಳ್ಳಿಯವನು, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಮನೆ. ಕಾರಿನ ಬಾಗಿಲುಗಳ ಡಿಸೈನ್ ಮಾಡುವ ಇಂಜಿನಿಯರ್.

"ಐದು ಗಂಟೆ ದಾರಿ, ನಿಮಗೆ ತೊಂದರೆ ಕೊಟ್ಟೆ" ಎಂದೆ.

"ತೊಂದ್ರಿ ಏನ್ ಬಂತ್ರೀ ಅಂಕಲ್? ಲೇಆಫ್ ಆಗಿ ಎಂಟು ತಿಂಗಳಾತು. ಹಿಂಗ ಯಾರರ ಕರದ್ರ ಮುಂಜಾನೆ ಏಳಾಕ ಒಂದು ಕಾರಣ ಸಿಗ್ತೈತಿ. ಎಲ್ಲಾ ಕಡೆ ಅಪ್ಲೈ ಮಾಡೀನ್ರಿ. ಯಾರೂ ಕರೀವಲ್ರು."

ಕಾರೂ ಅವನ ಹಳೆಯ ಕಂಪನಿಯದೇ. ನನ್ನ ಪಕ್ಕದ ಬಾಗಿಲಿನ ಹಿಡಿಕೆಯನ್ನು ತೋರಿಸಿ, ಇದು ನಂದ ಡಿಸೈನ್ ಎಂದು ಹೆಮ್ಮೆಯಿಂದ ಹೇಳಿದ. ನೂರು ಮೈಲಿ ಆದ ಮೇಲೆ ಕಾಲು ಚಾಚಲು ನಿಲ್ಲಿಸಿದಾಗ ಆ ಹಿಡಿಕೆ ಒಳಗಿನಿಂದ ಏನು ಮಾಡಿದರೂ ತೆರೆಯಲಿಲ್ಲ. ಬಸವರಾಜ ಸುತ್ತಿ ಬಂದು ಹೊರಗಿನಿಂದ ತೆಗೆದು, "ಅದು ಒಳಗಿನ ಸ್ಪ್ರಿಂಗ್ ಅಂಕಲ್. ಸ್ಪ್ರಿಂಗ್ ಬ್ಯಾರೆ ಟೀಮಿನವ್ರದು" ಎಂದ. ನಮ್ಮ ಊರಿನಲ್ಲಿ ರಸ್ತೆ ಲೋಕೋಪಯೋಗಿಯವರದು, ಗುಂಡಿ ಮಾತ್ರ ನೀರು ಸರಬರಾಜಿನವರದು ಎನ್ನುವುದನ್ನು ಕೇಳಿದ್ದ ನನಗೆ ಅಮೆರಿಕ ಆ ಕ್ಷಣದಲ್ಲಿ ತವರುಮನೆಯಾಯಿತು.

ದಾರಿಯಲ್ಲಿ ಅವನು ರಗ್ಬಿ ಅಂದ್ರ ಏನ್ರಿ ಎಂದು ಕೇಳಿದ. ನಾನು ಪುಸ್ತಕ ಓದಿ ಸಿದ್ಧನಾಗಿದ್ದೆ. ಒಂದೊಂದು ಕಡೆಗೆ ಹದಿನೈದು ಜನರಂತೆ ಮೂವತ್ತು ಮಂದಿ, ಎಲ್ಲರೂ ಓದಿದವರು, ಮೊಟ್ಟೆಯಾಕಾರದ ಒಂದು ಚೆಂಡಿಗಾಗಿ ಕೆಸರಿನಲ್ಲಿ ಹೊರಳಾಡುತ್ತಾರೆ. ಮುಂದೆ ಸಾಗಬೇಕಾದರೆ ಚೆಂಡನ್ನು ಕೈಯಿಂದ ಹಿಂದಕ್ಕೇ ಎಸೆಯಬೇಕು. ಇದೇ ನಿಯಮದ ಮೇಲೆ ನಮ್ಮ ಕಂದಾಯ ಇಲಾಖೆ ಕಡತಗಳನ್ನು ಶತಮಾನದಿಂದ ಎಸೆದುಕೊಂಡು ಬಂದಿದೆ, ಪಾಪ ಯಾರೂ ಟೋಪಿ ಕೊಟ್ಟಿಲ್ಲ ಎಂದು ವಿವರಿಸಿದೆ. ನಕ್ಕ. ಆ ನಗು ಮುಗಿಯುವ ಮೊದಲೇ, ಏಕೋ ಏನೋ, ಟೋಪಿಯ ಕಥೆಯನ್ನೂ ಹೇಳಿಬಿಟ್ಟೆ. ಮನೆಯವರನ್ನು ಬಿಟ್ಟರೆ ನಾನು ಅದನ್ನು ಹೇಳಿದ್ದು ಅವನೊಬ್ಬನಿಗೇ.

ಎರಡು ಎಕ್ಸಿಟ್ ದಾಟಿದ ಮೇಲೆ, "ಅಂಕಲ್, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮಜ್ಜಾರು ಅದನ್ನ ಮಾರಿಲ್ಲ, ತಲಿ ಮ್ಯಾಲೆ ಹಾಕ್ಕೊಂಡಿಲ್ಲ, ಯಾರಿಗೂ ತೋರಿಸಿಲ್ಲ. ಇದೆಂಥಾ ಕಳತನರೀ?" ಎಂದ.

"ಸಿಕ್ಕಿಹಾಕಿಕೊಳ್ಳುವ ಭಯದ ಕಳ್ಳತನ" ಎಂದು ಬಾಯಿ ಮುಚ್ಚಿಸಿದೆ. ಕಾಗದಪತ್ರ ನೋಡಿ ತೀರ್ಪು ಹೇಳುವ ನಾನು ಬಾಗಿಲು ಹಿಡಿಕೆಯವನಿಂದ ತರ್ಕ ಕಲಿಯಬೇಕೇ ಎಂಬ ಜಂಬ ನನಗೆ.

ಸ್ಟರ್ಲಿಂಗ್ ಹೈಟ್ಸ್

ಭಾನುವಾರ ಅಲ್ಲಿಯ ಕನ್ನಡಿಗರ ಊಟದ ಕೂಟವಿತ್ತು. ಶಾಲೆಯೊಂದರ ಊಟದ ಹಾಲಿನಲ್ಲಿ ಒಬ್ಬೊಬ್ಬರ ಮನೆಯಿಂದ ಒಂದೊಂದು ಅಡುಗೆ. ಹನ್ನೊಂದು ಮನೆಯವರು ಬಿಸಿಬೇಳೆಬಾತನ್ನೇ ತಂದಿದ್ದರು. ಗಂಡಸರನ್ನು ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ, ಹತ್ತರಲ್ಲಿ ಆರು ಜನ "ಸದ್ಯಕ್ಕೆ ಕನ್ಸಲ್ಟಿಂಗ್" ಎಂದರು. ಒಳ್ಳೆಯ ಉದ್ಯೋಗವಿರಬೇಕು, ಎಲ್ಲರೂ ಅದಕ್ಕೇ ಸೇರಿದ್ದಾರಲ್ಲ ಎಂದುಕೊಂಡೆ. ಬಸವರಾಜ ಕಿವಿಯಲ್ಲಿ, "ಕೆಲಸ ಹೋದ್ರ ಹಂಗಂತಾರ್ರೀ" ಎಂದ. ಅವನನ್ನು ಯಾರೋ ಕೇಳಿದಾಗ ಅವನೂ ಹಾಗೇ ಅಂದ.

ಊರಿನಿಂದ ಬಂದ ಹಿರಿಯರು ಎಂದು ನನಗೊಂದು ಶಾಲು ಹೊದಿಸಿದರು. ಶಾಲು ಹೊದಿಸಿದ ಮೇಲೆ ಮಾತಾಡದೆ ಬಿಡುವಂತಿಲ್ಲ. ನಾನು ರಗ್ಬಿ ಡಾಕ್ಟರ ಬಗ್ಗೆ ಹೇಳಿದೆ. ರಾಕ್‌ಬರ್ಸ್ಟ್ ಆಗಿ ಬಂಡೆ ಸಿಡಿದ ದಿನ ಸಾವಿರಾರು ಅಡಿ ಆಳಕ್ಕೆ ತಾವೇ ಇಳಿದು ಗಾಯಾಳುಗಳನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದರಂತೆ. ಯಮನ ಕೈಯಿಂದಲೂ ಕಿತ್ತುಕೊಂಡು ಓಡುತ್ತಾರೆ ಎಂದು ಗಣಿಯವರು ಹೇಳುತ್ತಿದ್ದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಆಂಟಿ, "ಅಂಥಾ ದೊಡ್ಡೋರ ಹತ್ರ ನಿಮ್ಮ ತಾತ ಕೆಲಸ ಮಾಡಿದ್ರಲ್ಲ, ಅವರ ನೆನಪಿಗೆ ಅಂತ ಏನಾದ್ರೂ ಕೊಟ್ಟಿದ್ರಾ?" ಎಂದು ಕೇಳಿದರು.

ಅಲ್ಲಿಯೇ ನಿಜ ಹೇಳಿಬಿಡಬಹುದಿತ್ತು. "ಒಂದು ಟೋಪಿ" ಎಂದೆ. ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು. ಶಾಲಿನೊಳಗೆ ನನ್ನ ಬೆನ್ನು ಬೆವರಿತು. ಊರಿನಲ್ಲಿ ತಾತನನ್ನು ಕಳ್ಳನೆಂದವರ ಮೇಲೆ ಕೈಮಾಡಿದವನಿಗೆ, ಕಳ್ಳನಲ್ಲವೆಂದು ನಂಬಿದವರ ಎದುರು ತಲೆಯೆತ್ತಲಾಗಲಿಲ್ಲ.

ಲಿವೋನಿಯಾ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನೋರಾ ಅವರ ಮನೆಯ ಕರೆಗಂಟೆ ಒತ್ತಿದೆವು. ಆ ಬೀದಿಯಲ್ಲಿ ಪ್ರತಿ ನಾಲ್ಕನೆಯ ಮನೆಯ ಹುಲ್ಲಿನ ಮೇಲೆ ಮಾರಾಟಕ್ಕಿದೆ ಎಂಬ ಫಲಕವಿತ್ತು. ನೋರಾ ಎಪ್ಪತ್ತು ದಾಟಿದ ಎತ್ತರದ ಹೆಂಗಸು, ಅಗಲವಾದ ಭುಜ. ಶಾಲೆಯ ಬಸ್ ಓಡಿಸಿ ನಿವೃತ್ತರಾದವರು. ಬಂದವರನ್ನು ಕೂಡಿಸಿ, ಕೇಳದೆಯೇ ಟೀ ತಂದರು. ಹಾಲು ಹಾಕಿ ಕುದಿಯುತ್ತಿದ್ದ, ಕಡುಬಣ್ಣದ ಟೀ. ಅಮೆರಿಕಕ್ಕೆ ಬಂದ ಮೇಲೆ ಟೀ ಎಂದು ಕರೆಸಿಕೊಳ್ಳಲು ಯೋಗ್ಯವಾದದ್ದು ಕುಡಿದದ್ದು ಅಂದೇ. ಐರಿಶ್ ರಕ್ತದ ಮೇಲೆ ನನಗೆ ಗೌರವ ಮೂಡಿತು.

ಬರಿಗೈಯಲ್ಲಿ, ಬರೀ ವಸ್ತುವನ್ನು ಕೊಡುವುದು ನಮ್ಮ ಪದ್ಧತಿಯಲ್ಲ. ಬಸವರಾಜನ ಹೆಂಡತಿಯಿಂದ ಒಂದು ಸ್ಟೀಲ್ ತಟ್ಟೆ ಕೇಳಿ ತಂದಿದ್ದೆ. ತಟ್ಟೆಯ ಮೇಲೆ ಬಾಳೆಹಣ್ಣು, ಅಡಿಕೆ, ಒಂದು ತೆಂಗಿನಕಾಯಿ, ನಡುವೆ ಟೋಪಿ. ಎದ್ದು ನಿಂತು ಎರಡೂ ಕೈಯಿಂದ ತಟ್ಟೆಯನ್ನು ಚಾಚಿ, ವಿಮಾನದಲ್ಲಿ ಹದಿನೆಂಟು ಗಂಟೆ ಬಾಯಿಪಾಠ ಮಾಡಿದ್ದ ಇಂಗ್ಲಿಷನ್ನು ಒಪ್ಪಿಸಿದೆ. "ಅಮ್ಮಾ, ಇದು ನಿಮ್ಮ ತಾತನವರ ಟೋಪಿ. ನನ್ನ ತಾತ ಮುನಿಸ್ವಾಮಪ್ಪ ಇದನ್ನು ಕದ್ದಿದ್ದರು. ನಮ್ಮ ಮನೆತನವನ್ನು ಕ್ಷಮಿಸಬೇಕು."

ನೋರಾ ಟೋಪಿಯನ್ನು ನೋಡಿದರು. ತೆಂಗಿನಕಾಯಿಯನ್ನು ನೋಡಿದರು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಅಯ್ಯೋ ದೇವರೇ, ಆ ಟೋಪಿ ನಿಜಕ್ಕೂ ಇತ್ತೇ? ಅಡುಗೆಯವನೂ ಇದ್ದನೇ? ನಾವೆಲ್ಲ ಅಜ್ಜ ಕಟ್ಟಿದ ಕಥೆ ಅಂದುಕೊಂಡಿದ್ದೆವು" ಎಂದರು.

"ಯಾವ ಕಥೆ?" ಎಂದೆ. ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಅವರು ಹೇಳಿದ್ದು ಇದು. ಮಲ್ಕೇರಿನ್ ಐರ್ಲೆಂಡಿನ ಪಡುವಣದ ಹಳ್ಳಿಯೊಂದರಲ್ಲಿ ಕುದುರೆಗೆ ಲಾಳ ಕಟ್ಟುವವನ ಮಗ. ಡಬ್ಲಿನ್ನಿಗೆ ಬಂದು ವೈದ್ಯಕೀಯ ಓದಿದ. ಆಡಲು ನಿಂತರೆ ಎಲ್ಲರಿಗಿಂತ ಹಿಂದೆ, ಕೊನೆಯ ಕಾವಲುಗಾರನಾಗಿ ನಿಲ್ಲುತ್ತಿದ್ದ. ದೇಶದ ತಂಡಕ್ಕೆ ಆಡಿದ್ದು ಒಂದೇ ಒಂದು ಪಂದ್ಯ. ಆಟ ಮುಗಿಯಲು ಎರಡು ನಿಮಿಷವಿತ್ತು, ಇವರ ತಂಡ ಮುಂದಿತ್ತು. ಎದುರಾಳಿ ಒದ್ದ ಚೆಂಡು ಆಕಾಶಕ್ಕೆ ಹೋಗಿ ನೇರ ಇವನ ಕೈಗೇ ಬಂತು. ಹಿಡಿದು ಹೊರಗೆ ಒದ್ದಿದ್ದರೆ ಗೆಲುವು. ಕೈಯಿಂದ ಜಾರಿತು, ಎದುರಾಳಿಗಳು ಅದರ ಮೇಲೆ ಬಿದ್ದರು, ಪಂದ್ಯ ಹೋಯಿತು. ಮತ್ತೆಂದೂ ಅವನನ್ನು ತಂಡಕ್ಕೆ ಕರೆಯಲಿಲ್ಲ. ಡಬ್ಲಿನ್ನಿನ ಬೀದಿಗಳಲ್ಲಿ ಗುರುತು ಹಿಡಿದು ಅಣಕಿಸುವವರ ಕಾಟ ತಾಳಲಾರದೆ, ರಗ್ಬಿ ಎಂದರೆ ಏನೆಂದೇ ಗೊತ್ತಿಲ್ಲದ ಊರಿನಲ್ಲಿ ಕೆಲಸ ಬೇಕೆಂದು ಹುಡುಕಿ ನಮ್ಮ ಚಿನ್ನದ ಗಣಿಗೆ ಬಂದ.

ಆದರೆ ಹೆಂಡತಿಗೆ ಆ ಟೋಪಿ ಬಲು ಹೆಮ್ಮೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಊಟದ ಕೋಣೆಯಲ್ಲಿ ನಿಲ್ಲಿಸಿದಳು. ಬಂದ ಪ್ರತಿಯೊಬ್ಬ ಅತಿಥಿಯೂ ಅದೇನೆಂದು ಕೇಳುವುದು, ಡಾಕ್ಟರು ಆ ಪಂದ್ಯದ ಕಥೆ ಹೇಳುವುದು. ವರ್ಷಗಟ್ಟಲೆ ವಾರಕ್ಕೆರಡು ಸಲ ಚೆಂಡು ಬಿಟ್ಟುಬಿಟ್ಟು ಬೇಸತ್ತು, ಒಂದು ಮುಂಜಾನೆ ಅವರೇ ಪೆಟ್ಟಿಗೆ ತೆರೆದು ಟೋಪಿಯನ್ನು ಅಡುಗೆಯವನ ಕೈಗಿಟ್ಟರು. ಇದು ನಿನಗೆ, ನನ್ನ ಕಣ್ಣಿಗೆ ಮತ್ತೆ ಬೀಳಬಾರದು, ಅಮ್ಮಾವರಿಗೆ ಮಾತ್ರ ಯಾವತ್ತೂ ಹೇಳಕೂಡದು ಎಂದು ಮಾತು ತೆಗೆದುಕೊಂಡರು.

"ಅಜ್ಜ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಇದನ್ನು ಅಭಿನಯ ಮಾಡಿ ತೋರಿಸುತ್ತಿದ್ದರು" ಎಂದರು ನೋರಾ. "ಅಜ್ಜಿ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕೂಗಾಡುತ್ತಿದ್ದರಂತೆ. ಅಡುಗೆಯವನು ಗೋಡೆಯ ಹಾಗೆ ಅಲುಗಾಡದೆ ನಿಂತು, ನನಗೆ ಗೊತ್ತಿಲ್ಲ ಅಮ್ಮಾವರೇ ಅಂದನಂತೆ. ಅಜ್ಜ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರಂತೆ. ಆ ಪತ್ರಿಕೆಯ ಭಾಗ ಬಂದಾಗ ನಾವು ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು."

"ಆಮೇಲೆ ಅಡುಗೆಯವನು ಏನಾದ?" ಎಂದು ಕೇಳಿದೆ.

ಅವರು ಸ್ವಲ್ಪ ಯೋಚಿಸಿ, "ಕಥೆಯಲ್ಲಿ ಆಮೇಲೆ ಅವನು ಬರುವುದಿಲ್ಲ" ಎಂದರು.

ನನಗೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಬಂಡೆ ಸಿಡಿಯುವ ಸುರಂಗಕ್ಕೆ ಇಳಿಯಲು ಹೆದರದ ಗಂಡು, ಹೆಂಡತಿಯ ಎದುರು ಪತ್ರಿಕೆ ಇಳಿಸಲು ಹೆದರಿದ. ನೋರಾ ಅವರೇ ಹೇಳಿದ ಹಾಗೆ, ಮುಂದೆ ಈ ದೇಶಕ್ಕೆ ಬಂದು ಮೂವತ್ತೈದು ವರ್ಷ ಕಾರ್ಖಾನೆಯ ಕೂಲಿಗಳ ಕತ್ತರಿಸಿದ ಬೆರಳು ಹೊಲಿದ, ದೇವರಂಥವನೆಂದು ಹೆಸರು ಪಡೆದ, ಕೋಳಿ ತಿನ್ನುತ್ತ ಇದನ್ನು ತಮಾಷೆಯೆಂದು ಹೇಳಿದ. ಒಂದು ಅಂಚೆ ಕಾಗದ ಬರೆಯಲು ಅವನಿಗೆ ಪುರುಸೊತ್ತಾಗಲಿಲ್ಲ. ಇದೆಲ್ಲವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಬಾರದ ಕಡೆ ಬಸವರಾಜ ಹೇಳಿದ. ಬೇರೆ ಬಂಗಲೆಗಳ ಬಾಗಿಲೂ ಮುಚ್ಚಿಹೋಗಿ, ನಲವತ್ತೈದನೆಯ ವಯಸ್ಸಿನಲ್ಲಿ ತಾತ ಸುರಂಗದೊಳಗೆ ಕಲ್ಲು ತುಂಬುವ ಕೆಲಸಕ್ಕೆ ಹೋದದ್ದು, ಸಂತೆಯಲ್ಲಿ ಜನ ಅಪ್ಪನನ್ನು ಕಂಡು ತಲೆಯ ರುಮಾಲು ಭದ್ರ ಮಾಡಿಕೊಳ್ಳುತ್ತಿದ್ದದ್ದು, ಅಕ್ಕನ ಮದುವೆ.

ನೋರಾ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದರು. ತಟ್ಟೆಯನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟು, ನನ್ನ ಕೈಗಳನ್ನು ಹಿಡಿದುಕೊಂಡರು. "ಅರವತ್ತು ವರ್ಷ ನಾನು ಈ ಕಥೆಗೆ ನಕ್ಕಿದ್ದೇನೆ. ನಾನು ಈಗ ಏನು ಮಾಡಲಿ, ಹೇಳಿ" ಎಂದರು.

ಇನ್ನೊಬ್ಬರಾಗಿದ್ದರೆ ಏನು ಕೇಳುತ್ತಿದ್ದರೋ. ನಾನು ಸಬ್ ರಿಜಿಸ್ಟ್ರಾರ್. "ಇದನ್ನೆಲ್ಲ ಬರೆದು ಸಹಿ ಮಾಡಿಕೊಡಿ" ಎಂದೆ.

ಲಿವೋನಿಯಾದ ಬ್ಯಾಂಕು

ಅವರು ಅಡುಗೆಮನೆಯ ಮೇಜಿನ ಮೇಲೆ ಬರೆದರು, ನಾನು ಹೇಳಿ ಬರೆಸಿದೆ. ನನ್ನ ಅಜ್ಜನು ಸ್ವಸಂತೋಷದಿಂದ, ಸ್ಥಿರಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ ಸದರಿ ಟೋಪಿಯನ್ನು ಮುನಿಸ್ವಾಮಪ್ಪನವರಿಗೆ ದಾನವಾಗಿ ಕೊಟ್ಟಿದ್ದು, ಸದರಿಯವರು ಅದನ್ನು ಕದ್ದಿರುವುದಿಲ್ಲ. ಟೋಪಿಗೆ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚೆಕ್ಕುಬಂದಿ ಬರೆಸುವುದೊಂದನ್ನು ಬಿಟ್ಟೆ. ಕೊನೆಗೆ, ನಮ್ಮ ಅಜ್ಜ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ, ಅದಕ್ಕೆ ನನಗೆ ನಾಚಿಕೆಯಾಗಿದೆ ಎಂಬ ಸಾಲನ್ನು ಅವರೇ ಸೇರಿಸಿದರು. ದಾನಪತ್ರದಲ್ಲಿ ಅಂಥ ಸಾಲಿಗೆ ಜಾಗವಿಲ್ಲ. ನಾನು ಹೊಡೆದು ಹಾಕಲಿಲ್ಲ.

ಮೊಹರಿಲ್ಲದ ಕಾಗದ ನನ್ನ ಕಣ್ಣಿಗೆ ಕಾಗದವೇ ಅಲ್ಲ. ನೋಟರಿ ಎಲ್ಲಿ ಸಿಗುತ್ತಾರೆಂದು ಕೇಳಿದರೆ, ಬ್ಯಾಂಕಿನಲ್ಲಿ ಎಂದರು. ನಮ್ಮಲ್ಲಿಯ ಹಾಗೆ ಕೋರ್ಟಿನ ಎದುರಿನ ಮರದ ಕೆಳಗೆ, ಟೈಪ್‌ರೈಟರಿನ ಪಕ್ಕ ಅವರು ಇರುವುದಿಲ್ಲ. ಮೂವರೂ ಹೋದೆವು. ಕೌಂಟರಿನ ಹಿಂದಿದ್ದ ಹುಡುಗಿ ಪಕ್ಕದಲ್ಲಿದ್ದ ಬಟ್ಟಲಿನಿಂದ ನನಗೊಂದು ಲಾಲಿಪಾಪ್ ಕೊಟ್ಟು, ನೋರಾ ಅವರ ಡ್ರೈವಿಂಗ್ ಲೈಸೆನ್ಸ್ ನೋಡಿ, ಸಹಿ ಹಾಕಿಸಿ, ಮೊಹರು ಒತ್ತಿದಳು.

"ನೋಡಿ ಸರ್, ಇವರು ನನ್ನೆದುರು ಸಹಿ ಹಾಕಿದರು ಅನ್ನುವುದಕ್ಕಷ್ಟೇ ಈ ಮೊಹರು. ಬರೆದದ್ದು ನಿಜವೋ ಸುಳ್ಳೋ ನನಗೆ ಸಂಬಂಧವಿಲ್ಲ" ಎಂದಳು.

ಈ ಮಾತನ್ನು ಮೂವತ್ತನಾಲ್ಕು ವರ್ಷ ನಾನು ಎಷ್ಟು ಜನರಿಗೆ ಹೇಳಿಲ್ಲ. ಮೊದಲ ಸಲ ಅದು ಎದುರಿನವನಿಗೆ ಹೇಗೆ ಕೇಳಿಸುತ್ತದೆಂದು ಗೊತ್ತಾಯಿತು. ನೋರಾ ಮಾತ್ರ ಆ ಹುಡುಗಿಗೆ, "ನಿಜವೇ ಕಣಮ್ಮ" ಎಂದರು. ಬ್ಯಾಂಕಿನ ಬಾಗಿಲಲ್ಲಿ, ಜೊತೆಗೆ ತಂದಿದ್ದ ಟೋಪಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು, ಕುಚ್ಚನ್ನು ನೇವರಿಸಿ, ಮತ್ತೆ ನನಗೇ ಕೊಟ್ಟರು. ಅವರನ್ನು ಮನೆಗೆ ಬಿಟ್ಟು ಬರುವಷ್ಟರಲ್ಲಿ ಹನ್ನೊಂದಾಗಿತ್ತು.

ಮೈಸೂರಿನಲ್ಲಿ ಅದು ರಾತ್ರಿ ಊಟದ ಹೊತ್ತು. ನನಗೆ ತಡೆಯಲಾಗಲಿಲ್ಲ. ಬಸವರಾಜ ಒಂದು ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ, ಕಾಲಿಂಗ್ ಕಾರ್ಡಿನ ಉದ್ದನೆಯ ನಂಬರು ಒತ್ತಿ, ಫೋನನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದು ದೂರ ಹೋಗಿ ನಿಂತ.

"ಅಕ್ಕಾ, ನಾನು ನಾಗು."

"ಊಟ ಆಯ್ತೇನೋ? ಚಳಿ ಜಾಸ್ತಿ ಇದ್ಯಾ?"

"ಅಕ್ಕಾ, ತಾತ ಕದ್ದಿರಲಿಲ್ಲ. ದೊರೆಯೇ ಕೈಯಾರೆ ಕೊಟ್ಟಿದ್ದರು. ದೊರೆಸಾನಿಗೆ ಹೇಳಬಾರದು ಅಂತ ತಾತನ ಹತ್ರ ಮಾತು ತಗೊಂಡಿದ್ದರು. ಅವರ ಮೊಮ್ಮಗಳೇ ಹೇಳಿದರು. ಬರೆದು ಸಹಿ ಹಾಕಿ ಕೊಟ್ಟಿದಾರೆ, ಮೊಹರೂ ಆಗಿದೆ." ಲೈನು ಹೋಯಿತೇನೋ ಎಂದು ಎರಡು ಸಲ ಅಕ್ಕಾ ಅಕ್ಕಾ ಎಂದೆ.

"ಇದೀನಿ ಕಣೋ" ಎಂದಳು. "ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಎಲ್ಲಾ. ತಾತ ಹಾಸಿಗೆ ಹಿಡಿದಾಗ ನೋಡ್ಕೊಳ್ತಾ ಇದ್ದೋಳು ನಾನೇ ಅಲ್ವಾ. ಹೋಗೋಕೆ ಎರಡು ದಿನ ಮುಂಚೆ ಹೇಳಿದ್ರು. ದೊರೆಗೆ ಮಾತು ಕೊಟ್ಟಿದೀನಿ, ನೀನೂ ಯಾರಿಗೂ ಹೇಳಬಾರದು ಅಂತ ಕೈಮೇಲೆ ಕೈ ಹಾಕಿಸ್ಕೊಂಡ್ರು."

ನನಗೆ ಅವಳ ಮೇಲೂ ಸಿಟ್ಟು ಬಂತು. "ಹುಡುಗನ ಕಡೆಯವರು ಹಾಗೆ ಹೇಳಿ ಕಳಿಸಿದಾಗಲಾದರೂ ಬಾಯಿ ಬಿಡಬಾರದಿತ್ತಾ? ನಾನು ಕ್ಷಮೆ ಕೇಳಕ್ಕೆ ಅಂತ ಹೊರಟು ನಿಂತಾಗಲಾದರೂ?"

"ಹೆಂಗೋ ಹೇಳಲಿ? ಹೋಗಬೇಡ ಅಂದೆ, ನೀನು ಕೇಳಲಿಲ್ಲ. ಅವರ ಬಾಯಿಂದಲೇ ಬರೋದಾದ್ರೆ ಬರ್ಲಿ ಅಂತ ಸುಮ್ನಾದೆ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು. ಆಮೇಲೆ ಶಾಲೆಯಲ್ಲಿ ಮಕ್ಕಳು ಟೀಚರನ್ನು ಕೇಳುವ ದನಿಯಲ್ಲಿ, ಎಪ್ಪತ್ತಾರು ವರ್ಷದ ನನ್ನ ಅಕ್ಕ ಕೇಳಿದಳು:

"ನಾಗು, ಈಗ ಅವರ ಕಡೆಯವರೇ ಹೇಳಿದಾರಲ್ಲ. ಇನ್ನು ನಾನೂ ಹೇಳಬಹುದೇನೋ?"